ಸಹಾಯ ಬೇಕು: ಮಳೆಗಾಲದಲ್ಲಿ ಎರಡು ನಾಯಿಗಳ ಜೊತೆ ಶಿರಾಡಿ ಘಾಟಿ ದಾರಿ

ನಮಸ್ಕಾರ. ಜುಲೈ ಕೊನೆಗೆ ಬೆಂಗಳೂರಿಂದ ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಒಬ್ಬಳೇ ಕಾರಲ್ಲಿ ಹೋಗುತ್ತಿದ್ದೇನೆ, ಜೊತೆಗೆ ನನ್ನ ಎರಡು ನಾಯಿಗಳು, ಒಂದು ಮುಧೋಳ, ಇನ್ನೊಂದು ಬೀದಿಯಿಂದ ತಂದು ಸಾಕಿದ್ದು. ಆಗಾಗ ಇಳಿಸಿ ನಡೆಸಲೇಬೇಕು, ಮುಧೋಳ ಸುಮ್ನೆ ಕೂರುವುದಿಲ್ಲ. ಹೆದ್ದಾರಿ ಪಕ್ಕ ಬೇಡ, ಲಾರಿ ಜಾಸ್ತಿ ಅಲ್ವಾ. ಹಾಸನ, ಸಕಲೇಶಪುರದ ನಡುವೆ ಊರ ನಾಯಿಗಳ ಕಾಟವಿಲ್ಲದ ಕೆರೆ ಏರಿಯೋ, ಕಾರು ಹೂತುಹೋಗದ ಒಳರಸ್ತೆಯೋ ಇದೆಯಾ?

ಇಂಬಳದ್ದೇ ದೊಡ್ಡ ಚಿಂತೆ. ಬೆರಳ ಸಂದಿಯಲ್ಲಿ ಕಚ್ಚಿಕೊಂಡರೆ ಕಾಣುವುದೇ ಇಲ್ಲ, ಸೀಟಿಗೆ ರಕ್ತ ಹತ್ತಿದ ಮೇಲೇ ಗೊತ್ತಾಗುವುದು. ಉಪ್ಪುನೀರು ಹಚ್ಚಿದರೆ ನೆಕ್ಕಿಬಿಡುತ್ತವೆ. ಮಲೆನಾಡಿನವರು ನಿಮ್ಮ ನಾಯಿಗಳಿಗೆ ಏನು ಮಾಡುತ್ತೀರಿ? ಇಲಿಜ್ವರದ ಲಸಿಕೆ ಹಾಕಿಸಿದ್ದೇನೆ, ಆದರೂ ನಿಂತ ನೀರಿಗೆ ಬಾಯಿ ಹಾಕಲು ಬಿಡುವುದಿಲ್ಲ.

ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದಾದರೆ ನಾಯಿಗಳನ್ನೂ ಒಳಗೆ ಬಿಡುವ ಹೋಂಸ್ಟೇ ಸಕಲೇಶಪುರದ ಕಡೆ ಗೊತ್ತಿದ್ದರೆ ದಯವಿಟ್ಟು ಹೇಳಿ.