ಪದಚರ್ಚೆ: ಹೃದಯಸ್ನಾಯುವಿನ ‘ಗ್ಲೂಕೋಸ್ ಅಪ್‌ಟೇಕ್’ – ನಾಳೆ ಬೆಳಿಗ್ಗೆಯೊಳಗೆ ಬೇಕು

ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ. ಬಿ.ಎಚ್. ರಸ್ತೆಯಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ, ಅನುವಾದವನ್ನೂ ಮಾಡಿಕೊಡುತ್ತೇವೆ. ಬೆಂಗಳೂರಿನ ಸ್ಕ್ಯಾನ್ ಕೇಂದ್ರವೊಂದರ ಕೆಲಸ ಬಂದಿದೆ. ಪೆಟ್ ಸ್ಕ್ಯಾನಿಗೆ (ವಿಕಿರಣಶೀಲ ಮದ್ದು ಚುಚ್ಚಿ ತೆಗೆಯುವ ಚಿತ್ರ) ಬರುವ ಹೃದ್ರೋಗಿಗಳಿಗೆ ಒಂದು ಕರಪತ್ರ, ಒಂದು ಬಾಗಿಲಿಗೆ ಫಲಕ. ಕರಪತ್ರದ ತುಂಬ ‘ಮಯೋಕಾರ್ಡಿಯಲ್ ಗ್ಲೂಕೋಸ್ ಅಪ್‌ಟೇಕ್’, ಅಂದರೆ ಹೃದಯದ ಸ್ನಾಯು ರಕ್ತದಿಂದ ಸಕ್ಕರೆ ತೆಗೆದುಕೊಳ್ಳುವುದು. ಫಲಕದ ಮೇಲೆ ‘ಅಪ್‌ಟೇಕ್ ರೂಮ್’, ಮದ್ದು ಚುಚ್ಚಿದ ಮೇಲೆ ರೋಗಿಗಳು ಕಾಯುವ ಕೋಣೆ. ಮೊದಲ ಕರಡಿನಲ್ಲಿದ್ದ ‘ಹೀರಿಕೆ’ಯನ್ನು ಅಲ್ಲಿಯ ಡಾಕ್ಟರು ಒಪ್ಪುತ್ತಿಲ್ಲ. ಹೀರಿಕೆ ಕರುಳಿನಲ್ಲಿ ಆಗುವಂಥದ್ದು, ಇದು ಅದಲ್ಲ ಅನ್ನುತ್ತಾರೆ. ನಾಳೆ ಹನ್ನೊಂದಕ್ಕೆ ಮುದ್ರಣಕ್ಕೆ ಹೋಗಬೇಕು. ‘ಅಪ್‌ಟೇಕ್’ ಎಂದೇ ಬಿಡುವ ಮನಸ್ಸಿಲ್ಲ, ಓದುವವರು ಹಳ್ಳಿಗಳಿಂದ ಬರುವವರು.

ತಿಪಟೂರಿನಿಂದ:

‘ಗ್ರಹಣ’. ಚರ್ಚೆಗೆ ಏನಿದೆ ಇದರಲ್ಲಿ? ಗ್ರಹ್ ಧಾತುವಿಗೆ ಹಿಡಿ, ತೆಗೆದುಕೊ ಎಂದೇ ಅರ್ಥ. ಪಾಣಿಗ್ರಹಣ, ಗ್ರಹಣಶಕ್ತಿ ಎಲ್ಲ ಬಳಸುತ್ತೇವಲ್ಲ. ‘ಗ್ಲೂಕೋಸ್ ಗ್ರಹಣ’, ಫಲಕಕ್ಕೆ ‘ಗ್ರಹಣ ಕೊಠಡಿ’. ಹಾಗೆಯೇ ‘ಸ್ನಾಯು’ವನ್ನೂ ತಿದ್ದಿಕೊಳ್ಳಿ. ಆಯುರ್ವೇದದಲ್ಲಿ ಸ್ನಾಯು ಎಂದರೆ ಕಟ್ಟುನಾರು. ಬಂಗಾಳಿಯಲ್ಲಿ ಅದೇ ಪದ ನರಕ್ಕೆ ಹೋಗಿದೆ. ಮಾಂಸಕ್ಕೆ ‘ಪೇಶಿ’ ಎನ್ನಬೇಕು. ಹೃತ್ಪೇಶಿ.

ಶಿರಾದಿಂದ:

ಗ್ರಹಣ ಕೊಠಡಿ! ಎದೆನೋವಿನವರನ್ನು ಆ ಬಾಗಿಲ ಮುಂದೆ ಕೂರಿಸಿ ನೋಡಿ, ಮನೆಯವರು ದರ್ಭೆ ಹುಡುಕಿಕೊಂಡು ಹೋಗುತ್ತಾರೆ. ‘ಹೃತ್ಪೇಶಿ’ ಎಂದು ಮನೆಯಲ್ಲೊಮ್ಮೆ ಗಟ್ಟಿಯಾಗಿ ಹೇಳಿದೆ. ಯಾರಿಗೆ ಫೋನು ಎಂದು ಕೇಳಿದರು.

ಗುಬ್ಬಿಯಿಂದ:

ಕನ್ನಡಿಗರ ಎದೆ ಬಡಿಯುವುದಕ್ಕೂ ಸಂಸ್ಕ್ರುತದ ಅಪ್ಪಣೆ ಬೇಕೇ? ಗುಂಡಿಗೆ ಇದೆ, ಕಂಡ ಇದೆ, ಕಸುವು ಇದೆ. ಹೀರುವುದಕ್ಕೆ ಹಳಗನ್ನಡದ ‘ಈಂಟು’ ಇದೆ. ‘ಗುಂಡಿಗೆಯ ಕಂಡ ಕಸುವಿಗಾಗಿ ಸಕ್ಕರೆ ಈಂಟುತ್ತದೆ’. ಬಾಗಿಲಿಗೆ ‘ಈಂಟುಕೋಣೆ’. ಒಂದೇ ಒಂದು ಎರವಲು ಪದ ಇಲ್ಲ. ಮೊದಲ ದಿನ ಹೊಸದೆನಿಸುತ್ತದೆ, ಆಮೇಲೆ ಬಳಕೆಯಾಗುತ್ತದೆ.

ಕೋಲಾರದಿಂದ:

ಈಂಟುವುದೂ ಹೀರುವುದೇ. ಡಾಕ್ಟರ ತಕರಾರು ಅಲ್ಲೇ ಉಳಿಯಿತು.

ನಾನು ಶರೀರಕ್ರಿಯೆ ಪಾಠ ಮಾಡುವವನು. ನಿಘಂಟು ಆಮೇಲೆ ತೆಗೆಯೋಣ, ಮೊದಲು ಅಲ್ಲಿ ಏನು ನಡೆಯುತ್ತದೆ ನೋಡಿ. ಕರುಳಿನ ಒಳಪದರ ಸಕ್ಕರೆಯನ್ನು ಸೋಡಿಯಂನ ಜೊತೆ ಕಟ್ಟಿ ಎಳೆದುಕೊಳ್ಳುತ್ತದೆ. ಒಳಗೆ ಸಾಂದ್ರತೆ ಹೆಚ್ಚಿದ್ದರೂ ಬಿಡುವುದಿಲ್ಲ. ಅದಕ್ಕೆ ‘ಹೀರು’ ಸರಿ. ಹೃದಯದ ಜೀವಕೋಶದಲ್ಲಿ ಎಳೆತವೇ ಇಲ್ಲ. ರಕ್ತದಲ್ಲಿ ಗ್ಲೂಕೋಸ್ ಹೆಚ್ಚು, ಕೋಶದೊಳಗೆ ತೀರಾ ಕಡಿಮೆ, ದಾರಿ ಸಿಕ್ಕರೆ ತಾನಾಗಿ ಬರುತ್ತದೆ. ದಾರಿ ಸಿಗುವುದೇ ಕಷ್ಟ, ಏಕೆಂದರೆ ಕೊಬ್ಬಿನ ಪೊರೆಯನ್ನು ಅದು ದಾಟಲಾರದು. ದಾಟಿಸುವ ಬಾಗಿಲುಗಳು ಗ್ಲೂಟ್-1, ಗ್ಲೂಟ್-4 ಎಂಬ ಪ್ರೋಟೀನುಗಳು. ಗ್ಲೂಟ್-1 ಬಹುಮಟ್ಟಿಗೆ ಪೊರೆಯಲ್ಲೇ ಇರುತ್ತದೆ. ಗ್ಲೂಟ್-4ರ ಬಹುಪಾಲು ಕೋಶದ ಒಳಗೆ ಪುಟ್ಟ ಪುಟ್ಟ ಚೀಲಗಳಲ್ಲಿ ಅಡಗಿರುತ್ತದೆ. ಊಟವಾಗಿ ಇನ್ಸುಲಿನ್ ಏರಿದಾಗ ಆ ಚೀಲಗಳು ಹೊರಪೊರೆಗೆ ಬಂದು ಸೇರಿಕೊಳ್ಳುತ್ತವೆ. ಹೃದಯಕ್ಕೆ ದುಡಿತ ಹೆಚ್ಚಾದಾಗ, ರಕ್ತಪೂರೈಕೆ ಕುಗ್ಗಿದಾಗ, ಇನ್ಸುಲಿನ್ ಹೇಳದೆಯೂ ಬರುತ್ತವೆ. ಇನ್ನು ಒಳಬಂದ ಗ್ಲೂಕೋಸಿಗೆ ಹೆಕ್ಸೊಕೈನೇಸ್ ಎಂಬ ಕಿಣ್ವ ತಕ್ಷಣ ಫಾಸ್ಫೇಟ್ ಅಂಟಿಸುತ್ತದೆ. ಅಂಟಿಸಿಕೊಂಡದ್ದು ಬಂದ ಬಾಗಿಲಿನಿಂದ ಹೊರಗೆ ಹೋಗಲಾರದು. ಒಳಗೆ ಗ್ಲೂಕೋಸ್ ಗ್ಲೂಕೋಸಾಗಿ ಉಳಿಯದ್ದರಿಂದಲೇ ಹೊರಗಿನದು ಬರುತ್ತಲೇ ಇರುತ್ತದೆ.

ಆದ್ದರಿಂದ ‘ಒಳಬಿಟ್ಟುಕೊಳ್ಳು’. ‘ಬಿಡು’ ಎಂದರೆ ಬಾಗಿಲು ತೆರೆದದ್ದು, ‘ಕೊಳ್ಳು’ ಎಂದರೆ ತನಗಾಗಿ. ಇಷ್ಟನ್ನು ಎರಡು ಕ್ರಿಯಾಪದದಲ್ಲಿ ಹೇಳುವ ಸೌಕರ್ಯ ಇಂಗ್ಲಿಷಿಗಿಲ್ಲ. ‘ಹೃದಯದ ಸ್ನಾಯು ಸಕ್ಕರೆಯನ್ನು ಒಳಬಿಟ್ಟುಕೊಳ್ಳುತ್ತದೆ’. ಇದಕ್ಕೆ ನಿಘಂಟು ಯಾರೂ ತೆಗೆಯಬೇಕಿಲ್ಲ.

ಗುಬ್ಬಿಯವರಿಗೆ ಒಂದು ಮಾತು. ಗುಂಡಿಗೆ, ಕಂಡ ಎಂದು ನಮ್ಮ ಕಡೆ ಹೇಳಿದರೆ ಅರ್ಥವಾಗುತ್ತದೆ. ಆದರೆ ತೆಲುಗು ಮಾತಾಡುತ್ತಿದ್ದೀರಿ ಅಂದುಕೊಳ್ಳುತ್ತಾರೆ. ಅಲ್ಲಿ ಹೃದಯ ‘ಗುಂಡೆ’, ಮಾಂಸಖಂಡ ‘ಕಂಡ’.

ಗುಬ್ಬಿಯಿಂದ:

ತೆಲುಗಿನಲ್ಲೂ ಇದ್ದರೆ ದ್ರಾವಿಡದ ಬೇರು ಎಂದೇ ಅಲ್ಲವೇ? ನನ್ನ ಮಾತಿಗೆ ನೀವೇ ಸಾಕ್ಶಿ.

ತಿಪಟೂರಿನಿಂದ:

> ಒಂದೇ ಒಂದು ಎರವಲು ಪದ ಇಲ್ಲ

‘ಸಕ್ಕರೆ’ ಸಂಸ್ಕೃತದ ‘ಶರ್ಕರಾ’. ಪ್ರಾಕೃತದಲ್ಲಿ ‘ಸಕ್ಕರಾ’ ಆಗಿ ಕನ್ನಡಕ್ಕೆ ಬಂತು. ಅದೇ ಶರ್ಕರಾ ಪಾರಸಿ, ಅರಬ್ಬಿ ಹಾದು ಯುರೋಪಿಗೆ ಹೋಗಿ ‘ಶುಗರ್’ ಆಯಿತು. ನೀವು ಶುಗರ್ ಅಂದರೂ ಸಕ್ಕರೆ ಅಂದರೂ ಸಂಸ್ಕೃತದ ಋಣದಲ್ಲೇ ಇದ್ದೀರಿ. ಕಂಡವೂ ‘ಮಾಂಸಖಂಡ’ದ ಖಂಡವೇ. ಮಹಾಪ್ರಾಣ ಕಿತ್ತರೆ ಪದ ದೇಶ್ಯವಾಗುವುದಿಲ್ಲ.

ಗುಬ್ಬಿಯಿಂದ:

ಕಂಡಕ್ಕೂ ಕಂಡಕ್ಕೂ ನಂಟಿಲ್ಲ. ಹೇಳಿ ಹೇಳಿ ಸಾಕಾಗಿದೆ.

ಚಿಂತಾಮಣಿಯಿಂದ:

ಕೇಳಿದವರಿಗೆ ನಾಳೆ ಹನ್ನೊಂದಕ್ಕೆ ಬೇಕಂತೆ, ನೆನಪಿರಲಿ.

ಕೋಲಾರದವರ ಪದ ಕೋಶದ ಮಟ್ಟಿಗೆ ಸರಿ, ಸ್ಕ್ಯಾನಿಗೆ ಸಾಲದು. ಪೆಟ್ ಸ್ಕ್ಯಾನಿನಲ್ಲಿ ಕೊಡುವುದು ಬರೀ ಗ್ಲೂಕೋಸ್ ಅಲ್ಲ, ಎಫ್‌ಡಿಜಿ – ವಿಕಿರಣಶೀಲ ಫ್ಲೋರಿನ್-18 ಕಟ್ಟಿದ ಗ್ಲೂಕೋಸಿನ ತಮ್ಮ. ಅದೂ ಗ್ಲೂಟ್ ಬಾಗಿಲಿನಲ್ಲೇ ಬರುತ್ತದೆ, ಫಾಸ್ಫೇಟನ್ನೂ ಅಂಟಿಸಿಕೊಳ್ಳುತ್ತದೆ, ಮುಂದಕ್ಕೆ ಉರಿಯುವುದಿಲ್ಲ. ಅಲ್ಲೇ ಕೂರುತ್ತದೆ. ಹೊಳೆಯುವುದು ಹಾಗೆ ಕೂತದ್ದು. ವರದಿಯಲ್ಲಿ ‘ಅಪ್‌ಟೇಕ್ ಚೆನ್ನಾಗಿದೆ’ ಎಂದರೆ ಆ ಭಾಗದ ಸ್ನಾಯು ಸಕ್ಕರೆಯನ್ನು ಹಿಡಿದಿಟ್ಟುಕೊಂಡಿದೆ, ಅಂದರೆ ಬದುಕಿದೆ ಎಂದು. ಅಲ್ಲಿ ‘ಹಿಡಿದಿಟ್ಟುಕೊಂಡ ಪ್ರಮಾಣ’ ಎನ್ನಿ. ಕ್ರಿಯೆಗೆ ಒಂದು, ಫಲಕ್ಕೆ ಒಂದು. ಇಂಗ್ಲಿಷ್ ಎರಡನ್ನೂ ಒಂದೇ ಗೋಣಿಗೆ ತುಂಬಿದೆ ಎಂದು ನಾವೂ ತುಂಬಬೇಕೇ?

ಇನ್ನೊಂದು ವಿಷಯ, ಇದು ಪದಕ್ಕಿಂತ ದೊಡ್ಡದು. ಹೃದಯದ ಮೆಚ್ಚಿನ ಉರುವಲು ಸಕ್ಕರೆಯಲ್ಲ, ಕೊಬ್ಬು. ಆರೋಗ್ಯವಂತ ಹೃದಯ ತನ್ನ ಶಕ್ತಿಯ ಸುಮಾರು ಶೇ. 60ರಿಂದ 90ರಷ್ಟನ್ನು ಕೊಬ್ಬಿನಾಮ್ಲಗಳಿಂದಲೇ ಪಡೆಯುತ್ತದೆ. ಉಪವಾಸವಿದ್ದರೆ ಸಕ್ಕರೆಯ ಕಡೆ ತಿರುಗಿಯೂ ನೋಡುವುದಿಲ್ಲ. ಆದ್ದರಿಂದ ಸ್ನಾಯು ಬದುಕಿದೆಯೇ ಎಂದು ನೋಡುವ ಸ್ಕ್ಯಾನಿಗೆ ಮೊದಲು ಗ್ಲೂಕೋಸ್ ಕುಡಿಸಿ, ಬೇಕಾದರೆ ಇನ್ಸುಲಿನ್ ಕೊಟ್ಟು, ಹೃದಯವನ್ನು ಸಕ್ಕರೆಗೆ ಒಗ್ಗಿಸುತ್ತಾರೆ. ಸಾರ್ಕಾಯ್ಡೋಸಿಸ್‌ನಂಥ ಉರಿಯೂತ ಹುಡುಕುವಾಗ ಇದರ ತದ್ವಿರುದ್ಧ: ಅನ್ನ, ಮುದ್ದೆ, ಸಿಹಿ ಬಿಡಿಸಿ ಕೊಬ್ಬಿನ ಊಟ ಹಾಕಿಸಿ, ಆಮೇಲೆ ಉಪವಾಸ ಇರಿಸುತ್ತಾರೆ. ಯಂತ್ರ ಒಂದೇ, ಚುಚ್ಚುಮದ್ದು ಒಂದೇ, ಪಥ್ಯ ಎರಡು. ನಿಮ್ಮ ಕರಪತ್ರ ಯಾವುದಕ್ಕೆ ಎಂದು ಕೇಳಿಕೊಳ್ಳಿ. ಕೊಬ್ಬಿನ ಊಟ ಮಾಡಿ ಬರಬೇಕಾದವರು ಮುದ್ದೆ ಉಂಡು ಬಂದರೆ ಈಂಟಿದರೂ ಒಂದೇ, ಗ್ರಹಣವಾದರೂ ಒಂದೇ, ಸ್ಕ್ಯಾನ್ ಹಾಳು.

ಶಿರಾದಿಂದ:

ಫಲಕಕ್ಕೆ ಸುಮ್ಮನೆ ‘ವಿಶ್ರಾಂತಿ ಕೊಠಡಿ’ ಹಾಕಿ. ಸುಮಾರು ಒಂದು ಗಂಟೆ ಅಲ್ಲಿ ಮಾತಾಡದೆ ಒರಗಿರುವುದೇ ತಾನೇ ಕೆಲಸ?

ಚಿಂತಾಮಣಿಯಿಂದ:

ಬೇಡ. ವಿಶ್ರಾಂತಿ ಕೊಠಡಿ ಎಂದು ಕಂಡರೆ ಜೊತೆಗೆ ಬಂದವರೂ ಹೋಗಿ ಕೂರುತ್ತಾರೆ, ಕಂಕುಳಲ್ಲಿ ಮಗು ಬೇರೆ. ಒಳಗಿರುವವರ ಮೈಯಿಂದ ವಿಕಿರಣ ಹೊರಡುತ್ತಿರುತ್ತದೆ. ಫ್ಲೋರಿನ್-18 ಅರ್ಧಕ್ಕೆ ಇಳಿಯಲು ಸುಮಾರು 110 ನಿಮಿಷ ಬೇಕು. ಆ ಬಾಗಿಲಿಗೆ ಬೇಕಿರುವುದು ಅನುವಾದವಲ್ಲ, ತಡೆ.

ತಿಪಟೂರಿನಿಂದ:

ಹಾಗಾದರೆ ಪಾರಿಭಾಷಿಕ ಪದವೇ ಬೇಡವೆಂದಾಯಿತು. ನಾಳೆ ಕನ್ನಡದಲ್ಲಿ ವೈದ್ಯಶಾಸ್ತ್ರ ಬರೆಯುವವರು ‘ಒಳಬಿಟ್ಟುಕೊಳ್ಳುವಿಕೆಯ ದರದ ಹೆಚ್ಚುವಿಕೆ’ ಎಂದು ಬರೆಯುತ್ತಾರೋ? ‘ಗ್ರಹಣದರ’ ಎಂದರೆ ಐದಕ್ಷರ. ‘ಗ್ರಾಹಕ’ ಎಂದು ರಿಸೆಪ್ಟರಿಗೆ, ಅಂದರೆ ಹಾರ್ಮೋನಿನಂಥದ್ದನ್ನು ಹಿಡಿಯುವ ಕೋಶದ ಪ್ರೋಟೀನಿಗೆ, ಹೇಳಬಹುದು. ಸಮಾಸಕ್ಕೆ ಒಗ್ಗದ ಪದ ಶಾಸ್ತ್ರಕ್ಕೆ ಒಗ್ಗುವುದಿಲ್ಲ.

ಕೋಲಾರದಿಂದ:

ಪಠ್ಯಪುಸ್ತಕಕ್ಕೆ ಗ್ರಹಣದರ ಬರೆಯಿರಿ, ನನ್ನದೇನೂ ಅಡ್ಡಿಯಿಲ್ಲ, ತರಗತಿಯಲ್ಲಿ ನಾನೂ ಬರೆಯುತ್ತೇನೆ. ‘ಗ್ರಾಹಕ’ನಿಗೆ ಮಾತ್ರ ಬಿಲ್ ಯಾರು ಕೊಡುತ್ತಾರೆ ಎಂದು ಹುಡುಗರು ಕೇಳುತ್ತಾರೆ. ಇಲ್ಲಿ ಕೇಳಿರುವುದು ಕರಪತ್ರಕ್ಕೆ. ಅದಕ್ಕೆ ನಾಮಪದ ಬೇಕೆಂದು ಯಾರು ಹೇಳಿದರು? ಕ್ರಿಯಾಪದದಲ್ಲಿ ಬರೆಯಿರಿ. ನಮ್ಮ ಅರ್ಧ ಪದಚರ್ಚೆಗಳು ಹುಟ್ಟುವುದೇ ಇಂಗ್ಲಿಷಿನ ನಾಮಪದಕ್ಕೆ ಕನ್ನಡದ ನಾಮಪದವನ್ನೇ ಕೊಡಬೇಕೆಂಬ ಹಟದಿಂದ.

ತುಮಕೂರಿನಿಂದ:

ಎಲ್ಲರಿಗೂ ಧನ್ಯವಾದ. ಈಗಷ್ಟೇ ಕೇಂದ್ರಕ್ಕೆ ಫೋನ್ ಮಾಡಿದೆ. ಕರಪತ್ರ ಸ್ನಾಯು ಬದುಕಿದೆಯೇ ಎಂದು ನೋಡುವ ಸ್ಕ್ಯಾನಿನದು, ಗ್ಲೂಕೋಸ್ ಕುಡಿಸುವ ಪೈಕಿ. ಹೀಗೆ ಕಳಿಸಿದ್ದೇನೆ:

‘ನಿಮ್ಮ ಹೃದಯದ ಸ್ನಾಯು ರಕ್ತದಿಂದ ಸಕ್ಕರೆಯನ್ನು ಒಳಕ್ಕೆ ಬಿಟ್ಟುಕೊಂಡು ಶಕ್ತಿಗೆ ಬಳಸುತ್ತದೆ. ಯಾವ ಭಾಗ ಎಷ್ಟು ಸಕ್ಕರೆಯನ್ನು ಹಿಡಿದಿಟ್ಟುಕೊಂಡಿದೆ ಎಂಬುದನ್ನು ಈ ಸ್ಕ್ಯಾನ್ ತೋರಿಸುತ್ತದೆ.’

ಫಲಕ: ‘ಚುಚ್ಚುಮದ್ದು ಪಡೆದವರು ಕಾಯುವ ಕೊಠಡಿ. ಜೊತೆಗೆ ಬಂದವರಿಗೆ ಪ್ರವೇಶವಿಲ್ಲ.’

ಡಾಕ್ಟರು ಒಪ್ಪಿದರು. ‘ಚುಚ್ಚುಮದ್ದು’ ಬೇಡ, ‘ಇಂಜೆಕ್ಷನ್’ ಹಾಕಿ ಎಂದರು, ಹಾಕಿದೆ.

ಗುಬ್ಬಿಯಿಂದ:

ಚುಚ್ಚುಮದ್ದನ್ನೂ ಬಿಟ್ಟುಕೊಟ್ಟಿರಾ? ಎಂತಹ ಸೊಗಸಾದ ಪದ!

ಸಕ್ಕರೆಯ ವಿಚಾರ. ಎರವಲೆಂದೇ ಇರಲಿ. ಸಿಹಿಗೆ ನಮ್ಮದೇ ‘ಇನಿ’ ಇದೆ. ‘ಗುಂಡಿಗೆ ಇನಿಯನ್ನು ಒಳಬಿಟ್ಟುಕೊಳ್ಳುತ್ತದೆ’. ಈಗ ಹೇಳಿ, ಇದರಲ್ಲಿ ಸಂಸ್ಕ್ರುತ ಎಲ್ಲಿದೆ?

ತಿಪಟೂರಿನಿಂದ:

ಇಲ್ಲ. ಹೃದ್ರೋಗವೂ ಇಲ್ಲ. ಇದು ಪ್ರೇಮಪತ್ರ.