ಆಂಟೆನಾ ಗ್ಯಾಲಕ್ಸಿಗಳ ಬಾಲ ಪ್ರೊಸೆಸಿಂಗ್‌ನಲ್ಲಿ ಮಾಯವಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ. ಹಸ್ತ ನಕ್ಷತ್ರದ ಹತ್ತಿರದ ಆಂಟೆನಾ ಜೋಡಿಯ (ಡಿಕ್ಕಿಯಾಗುತ್ತಿರುವ ಎರಡು ಗ್ಯಾಲಕ್ಸಿಗಳು, ಎನ್‌ಜಿಸಿ 4038, 4039) ಫೋಟೊ ತೆಗೆಯುತ್ತಿದ್ದೇನೆ. 80 ಮಿ.ಮೀ. ಟೆಲಿಸ್ಕೋಪು, ಡಿಎಸ್‌ಎಲ್‌ಆರ್. ಸ್ಟ್ಯಾಕ್ ಮಾಡಿ (ಹಲವು ಫೋಟೊಗಳನ್ನು ಒಂದಾಗಿ ಸೇರಿಸಿ) ಸುಮ್ನೆ ಸ್ಟ್ರೆಚ್ ಮಾಡಿದರೆ (ಮಸುಕು ಭಾಗಗಳನ್ನು ಬೆಳಗಿಸಿದರೆ) ದಕ್ಷಿಣದ ಬಾಲ ಮಸುಕಾಗಿ ಕಾಣುತ್ತದೆ. ಸಿರಿಲ್ ಸಾಫ್ಟ್‌ವೇರ್‌ನಲ್ಲಿ ಬ್ಯಾಕ್‌ಗ್ರೌಂಡ್ (ಆಕಾಶದ ಹಿನ್ನೆಲೆ ಬೆಳಕು) ತೆಗೆದ ಮೇಲೆ ಬಾಲವೇ ಇಲ್ಲ, ಪಕ್ಕದಲ್ಲಿ ಕಪ್ಪು ಕಲೆ ಬೇರೆ. ಎಕ್ಸ್‌ಪೋಷರ್ ಸಾಲದಾಯಿತಾ?

ಉತ್ತರ: ಸ್ಟ್ಯಾಕ್‌ನಲ್ಲಿ ಕಂಡಿದೆ ಅಂದರೆ ಬೆಳಕು ಬಂದಿದೆ ಸರ್. ಅದನ್ನು ತಿಂದಿದ್ದು ಸಾಫ್ಟ್‌ವೇರ್. ಹಿನ್ನೆಲೆ ಅಳೆಯುವ ಸ್ಯಾಂಪಲ್ ಚುಕ್ಕೆಗಳನ್ನು ಅದು ತಾನೇ ಹಾಕುವಾಗ ಕೆಲವು ಬಾಲದ ಮೇಲೂ ಕೂರುತ್ತವೆ. ಆಗ ಬಾಲವನ್ನೂ ಊರಿನ ದೀಪದ ಬೆಳಕು ಅಂತ ಲೆಕ್ಕ ಹಾಕಿ ಕಳೆದುಬಿಡುತ್ತದೆ. ಕಪ್ಪು ಕಲೆಯೂ ಅದರಿಂದಲೇ ಇರಬೇಕು. ಬೇಕಾದರೆ ಮೂಲ ಚಿತ್ರದಿಂದ ಹೊಸ ಚಿತ್ರವನ್ನು ಕಳೆದು ಸ್ಟ್ರೆಚ್ ಮಾಡಿ ನೋಡಿ. ಬಾಲದ ಜಾಗದಲ್ಲಿ ಬೆಳಕು ಉಬ್ಬಿದ್ದರೆ ಅನುಮಾನವೇ ಇಲ್ಲ.

ಗ್ಯಾಲಕ್ಸಿ ಮತ್ತು ಎರಡೂ ಬಾಲಗಳ ಸುತ್ತ ಇರುವ ಚುಕ್ಕೆಗಳನ್ನು ರೈಟ್ ಕ್ಲಿಕ್ ಮಾಡಿ ತೆಗೆಯಿರಿ. ಧಾರಾಳವಾಗಿ ತೆಗೆಯಿರಿ, ನಿಮ್ಮ ಫ್ರೇಮಿನಲ್ಲಿ ಖಾಲಿ ಆಕಾಶವೇ ಜಾಸ್ತಿ ಅಲ್ವಾ. ಪಾಲಿನಾಮಿಯಲ್ ಡಿಗ್ರಿ (ಹಿನ್ನೆಲೆಯ ಲೆಕ್ಕ ಎಷ್ಟು ಬಗ್ಗಬಹುದು ಅನ್ನುವುದು) 1 ಸಾಕು, ಹೆಚ್ಚೆಂದರೆ 2. ಡಿಗ್ರಿ ಏರಿಸಿದಷ್ಟೂ ಅದು ಬಾಲದ ಆಕಾರಕ್ಕೇ ಬಗ್ಗುತ್ತದೆ.

ಆ ಬಾಲವನ್ನು ದಯವಿಟ್ಟು ಕಳೆದುಕೊಳ್ಳಬೇಡಿ. ಅದು ಡಿಕ್ಕಿಯ ಗುರುತು. 1972ರಲ್ಲಿ ಅಲಾರ್ ಮತ್ತು ಯೂರಿ ಟೂಮ್ರೆ ಸಹೋದರರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಬರೀ ಗುರುತ್ವಾಕರ್ಷಣೆಯಿಂದಲೇ ಇಂಥ ಬಾಲ ಬರುತ್ತದೆ ಅಂತ ತೋರಿಸಿದರು. ಒಂದು ಗ್ಯಾಲಕ್ಸಿಯ ಹತ್ತಿರದ ಅಂಚಿಗೆ ಇನ್ನೊಂದರ ಸೆಳೆತ ಜಾಸ್ತಿ, ದೂರದ ಅಂಚಿಗೆ ಕಡಿಮೆ. ಹೀಗೆ ತಟ್ಟೆಯಂಥ ಗ್ಯಾಲಕ್ಸಿ ಎಳೆದು ಉದ್ದವಾಗುತ್ತದೆ, ಅದರ ತಿರುಗುವಿಕೆ ನಕ್ಷತ್ರಗಳನ್ನು ಹೊರಗೆ ಬೀಸುತ್ತದೆ. ಇಷ್ಟು ತೆಳ್ಳಗಿನ, ಉದ್ದನೆಯ ಬಾಲ ಎರಡಿವೆ ಅಂದರೆ, ಎರಡೂ ಮೊದಲು ತಿರುಗುವ ತಟ್ಟೆಗಳಾಗಿದ್ದವು ಅಂತ ಅರ್ಥ. ಮಧ್ಯದಲ್ಲಿ ಅನಿಲ ಒತ್ತಿಕೊಂಡು ಹೊಸ ನಕ್ಷತ್ರಗಳ ಗುಂಪುಗಳು ಹುಟ್ಟುತ್ತಿವೆ. ಕೊನೆಗೆ ಎರಡೂ ಸೇರಿ ಒಂದೇ ದೀರ್ಘವೃತ್ತ ಗ್ಯಾಲಕ್ಸಿಯಾಗುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಡಿಗ್ರಿ 1 ಹಾಕಿದೆ, ಬಾಲ ಬಂತು! ತುಂಬಾ ಥ್ಯಾಂಕ್ಸ್. ದಕ್ಷಿಣದ ಬಾಲದ ತುದಿಯಲ್ಲಿ ಒಂದು ಸಣ್ಣ ಗಂಟು ಕಾಣುತ್ತಿದೆ. ಫ್ಲ್ಯಾಟ್ (ಧೂಳಿನ ಗುರುತು ತೆಗೆಯಲು ಸಮ ಬೆಳಕಿನಲ್ಲಿ ತೆಗೆಯುವ ಫೋಟೊ) ಸರಿಯಿಲ್ಲದೆ ಬಂದ ಧೂಳಿನ ಗುರುತಾ?

ಉತ್ತರ: ಮುಂದಿನ ಸಲ ಫ್ರೇಮನ್ನು ಸ್ವಲ್ಪ ಸರಿಸಿ ತೆಗೆಯಿರಿ. ಧೂಳಾದರೆ ಸೆನ್ಸರಿನ ಅದೇ ಜಾಗದಲ್ಲಿ ಉಳಿಯುತ್ತದೆ, ನಿಜವಾದರೆ ನಕ್ಷತ್ರಗಳ ಜೊತೆ ಸರಿಯುತ್ತದೆ. ನಿಜವೇ ಇರಬೇಕು ಅಂತ ನನ್ನ ಅಂದಾಜು. ಆ ತುದಿಯಲ್ಲಿ ಅನಿಲ ಗುಂಪುಗೂಡಿ ಹೊಸ ನಕ್ಷತ್ರಗಳು ಹುಟ್ಟಿವೆ. ಡಿಕ್ಕಿಯ ಚೂರಿನಿಂದಲೇ ಅಲ್ಲೊಂದು ಕುಬ್ಜ ಗ್ಯಾಲಕ್ಸಿ ಹುಟ್ಟುತ್ತಿರಬಹುದು ಅಂತ ಖಗೋಳ ವಿಜ್ಞಾನಿಗಳು ಅದನ್ನು ವಿಶೇಷವಾಗಿ ಗಮನಿಸುತ್ತಾರೆ. 80 ಮಿ.ಮೀ.ನಲ್ಲಿ ಅದು ಸಿಕ್ಕಿದ್ದರೆ ಚಿತ್ರ ಇಲ್ಲಿ ಹಾಕಲೇಬೇಕು ಸರ್.