ಪದ ಬೇಕು (ತುರ್ತು): ಗೋಡೆ ಹೀರುವುದು ಎರಡು ಬಗೆ, ನಮ್ಮಲ್ಲಿ ಪದ ಒಂದೇ?

ಬೀದರ್‌ನಿಂದ
ಎಲ್ಲರಿಗೂ ನಮಸ್ಕಾರ. ಜಂಬಿಟ್ಟಿಗೆ (ಲ್ಯಾಟರೈಟ್ ಕಲ್ಲು) ಗೋಡೆಗಳ ದುರಸ್ತಿ ತರಬೇತಿಗೆ ಒಂದು ಹಲಗೆ, ಎಂಜಿನಿಯರರಿಗೆ ನಾಲ್ಕು ಪುಟದ ಕೈಪಿಡಿ. ಎರಡನ್ನೂ ಕನ್ನಡಕ್ಕೆ ತರುವ ಕೆಲಸ. ಹಲಗೆಯ ಮಾತು ನಾಳೆ ಮುಂಜಾನೆ ಪೇಂಟರ್ ಕೈಗೆ ಹೋಗಬೇಕು.

ಹೈಗ್ರೊಸ್ಕೋಪಿಕ್ ವಸ್ತು ಗಾಳಿಯಲ್ಲಿನ ಆವಿಯನ್ನು ರಂಧ್ರಗಳ ಒಳಮೈಗೆ ಹಿಡಿದುಕೊಳ್ಳುತ್ತದೆ. ಕ್ಯಾಪಿಲರಿ (ಸಣ್ಣ ರಂಧ್ರಗಳ) ಸೆಳೆತದಲ್ಲಿ ನೀರು ನೀರಾಗಿಯೇ ರಂಧ್ರದಿಂದ ರಂಧ್ರಕ್ಕೆ ಸಾಗುತ್ತದೆ. ಕರಡಿನಲ್ಲಿ ಎರಡಕ್ಕೂ ‘ತೇವ ಹೀರಿಕೆ’ ಎಂದಿದೆ. ಹೈಗ್ರೊಸ್ಕೋಪಿಕ್, ಲಿಕ್ವಿಡ್ ಟ್ರಾನ್ಸ್‌ಪೋರ್ಟ್, ವಾಟರ್ ಅಬ್ಸಾರ್ಪ್ಶನ್ ಕೋಎಫಿಶಿಯೆಂಟ್ (ವಸ್ತು ನೀರು ಹೀರುವ ಅಳತೆ), ರೀಡಿಸ್ಟ್ರಿಬ್ಯೂಶನ್ (ಹೀರಿದ ನೀರು ಒಳಗೇ ಹರಡಿಕೊಳ್ಳುವುದು): ಈ ನಾಲ್ಕಕ್ಕೆ ಪದ ಕೊಡಿ.

ಕಲಬುರಗಿಯಿಂದ
ಜಲಾಕರ್ಷಕ, ದ್ರವವಹನ, ಶೋಷಣಗುಣಾಂಕ, ಪುನರ್ವಿತರಣೆ. ಇದಕ್ಕೆ ಚರ್ಚೆ ಯಾಕೆ?

ಸುರಪುರದಿಂದ
ನಾಲ್ಕರಲ್ಲಿ ಒಂದೂ ಕನ್ನಡ ಇಲ್ಲ. ‘ಪಸೆ’ ಏನಾಯ್ತು? ನೆಲದ ಪಸೆ, ನಾಲಿಗೆಯ ಪಸೆ ಆರಿತು ಅಂತೀವಿ. ಹಸಿ, ಹಸುರು ಇದರ ಒಡಹುಟ್ಟಿದವು: ಪಸಿ ಹಸಿ ಆಯ್ತು, ಪಸುರ್ ಹಸುರು ಆಯ್ತು, ಪಸೆ ಹಾಗೇ ಉಳೀತು. ಹೈಗ್ರೊಸ್ಕೋಪಿಕ್‌ಗೆ ‘ಪಸೆಹಿಡಿಕ’ ಅನ್ನಿ. ದ್ರವದ ಸಾಗಣೆಗೆ ‘ನೀರೋಟ’.

ಕಲಬುರಗಿಯಿಂದ
ಪಾಲ್ ಹಾಲಾದಾಗ ಪಸೆ ಯಾಕೆ ಹಸೆ ಆಗಲಿಲ್ಲ? ಹಸೆ ಏರೋದು ಮದುಮಕ್ಕಳು. ಊಹೆಯ ವ್ಯುತ್ಪತ್ತಿ ಗೋಡೆಗೆ ಮೆತ್ತಬೇಡಿ.

ಸುರಪುರದಿಂದ
ಹಸೆ ಅನ್ನೋ ಜಾಗ ಆಗಲೇ ತುಂಬಿತ್ತು, ಅದಕ್ಕೇ ಇದು ಪಸೆಯಾಗೇ ಉಳೀತು. ನೀವೇ ಉತ್ತರ ಕೊಟ್ಟೀರಿ.

ಸೇಡಂನಿಂದ
ಪ–ಹ ಜಗಳ ಆಮೇಲೆ. ಮೊದಲು ಪದ ಯಾವ ಕೆಲಸಕ್ಕೆ ಬೇಕು ನೋಡಿ.

‘ಜಲಾಕರ್ಷಕ’ ನಡೆಯದು. ಕ್ಯಾಪಿಲರಿಯೂ ಜಲವನ್ನು ಎಳೆಯುವುದೇ ತಾನೆ, ಗೊಂದಲ ಅಲ್ಲೇ ಉಳೀತು. ‘ವಹನ’ವೂ ಬೇಡ. ಗೋಡೆಯ ತೇವವನ್ನು ಗಣಕದಲ್ಲಿ ಲೆಕ್ಕಹಾಕುವ ಮಾದರಿ ಶಾಖದ ಸಮೀಕರಣ, ತೇವದ ಸಮೀಕರಣ ಎರಡನ್ನೂ ಒಟ್ಟಿಗೆ ಬಿಡಿಸುತ್ತದೆ. ಉಷ್ಣವಹನದ ಪಕ್ಕದಲ್ಲೇ ದ್ರವವಹನ ಬಂದರೆ ಓದುವವನು ಯಾವ ಗುಣಾಂಕ ಎಲ್ಲಿಗೆ ಅಂತ ತಡಕಾಡ್ತಾನೆ.

ಎರಡು ಪದ ಯಾಕೆ ಬೇಕೇ ಬೇಕು ಅಂದರೆ, ಒಂದೇ ಗೋಡೆಯಲ್ಲಿ ಒಂದೇ ಹೊತ್ತಿಗೆ ಇವೆರಡೂ ಎದುರುಬದುರು ನಡೆಯಬಹುದು. ಚಳಿದೇಶದ ಮನೆ ತಗೊಳ್ಳಿ. ಒಳಗೆ ಬೆಚ್ಚಗೆ, ಆವಿಯ ಒತ್ತಡ ಹೆಚ್ಚು. ಆವಿ ಹೊರಕ್ಕೆ ಹೋಗುತ್ತದೆ. ಹೊರಮೈಯ ಸಾಪೇಕ್ಷ ಆರ್ದ್ರತೆ ಒಳಗಿಗಿಂತ ಹೆಚ್ಚಿರುವುದರಿಂದ ದ್ರವನೀರು ಒಳಕ್ಕೆ ಬರುತ್ತದೆ. ಎರಡಕ್ಕೂ ‘ತೇವ ಸಾಗಣೆ’ ಅಂದರೆ ಬಾಣ ಯಾವ ಕಡೆ ಬರೀತೀರಿ?

ನನ್ನ ಸಲಹೆ: ಗಾಳಿಯಿಂದ ಬಂದದ್ದು ‘ಆವಿಹಿಡಿತ’, ರಂಧ್ರದೊಳಗಿನದು ‘ನೀರಿನ ಸಾಗಣೆ’.

ಕಲಬುರಗಿಯಿಂದ
‘ಸಾಗಣೆ’ ಲಾರಿಯವರದು. ಮೂರನೆಯದಕ್ಕೆ, ಆ ಕೋಎಫಿಶಿಯೆಂಟಿಗೆ, ‘ಹೀರುವೇಗ’ ಅನ್ನಬಹುದೇನೋ.

ಸೇಡಂನಿಂದ
ವೇಗ ಅಲ್ಲ! ಇಲ್ಲೇ ಎಲ್ಲರೂ ಜಾರೋದು. ಹೀರಿದ ನೀರು ಸಮಯಕ್ಕೆ ತಕ್ಕಂತೆ ಏರುವುದಿಲ್ಲ, ಸಮಯದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಇಟ್ಟಿಗೆಯ ಗುಣಾಂಕ 0.2 ಇದೆ ಅಂತ ಇಟ್ಟುಕೊಳ್ಳಿ. ಮಾನ ಚದರ ಮೀಟರಿಗೆ, ಸೆಕೆಂಡಿನ ವರ್ಗಮೂಲಕ್ಕೆ ಇಷ್ಟು ಕಿಲೋ. 15 ನಿಮಿಷ ಅಂದರೆ 900 ಸೆಕೆಂಡ್, ವರ್ಗಮೂಲ 30, ಚದರ ಮೀಟರಿಗೆ 6 ಕಿಲೋ. ಒಂದು ಗಂಟೆಗೆ ವರ್ಗಮೂಲ 60, ಆಗ 12 ಕಿಲೋ. ಹೊತ್ತು ನಾಲ್ಕು ಪಟ್ಟು, ನೀರು ಬರೀ ಎರಡು ಪಟ್ಟು. ನೀರು ಒಳಹೋದಷ್ಟೂ ಅದು ಹಾಯಬೇಕಾದ ದಾರಿ ಉದ್ದವಾಗಿ ತಡೆ ಹೆಚ್ಚುತ್ತದೆ, ಓಟ ನಿಧಾನವಾಗುತ್ತದೆ. ‘ಹೀರುವೇಗ’ ಅಂತ ಬರೆದರೆ ಯಾರೋ ಅದನ್ನು ಗಂಟೆಗಳಿಂದ ಗುಣಿಸಿಬಿಡ್ತಾರೆ.

ಅಳೆಯುವಾಗ ಒಣ ತುಂಡಿನ ನಾಲ್ಕೂ ಪಕ್ಕ ಮುಚ್ಚಿ, ತಳ ಮಾತ್ರ ಕೆಲವು ಮಿಲಿಮೀಟರ್ ಮುಳುಗಿಸಿ, ಹೊತ್ತುಹೊತ್ತಿಗೆ ತೆಗೆದು, ತಳದ ಹನಿ ಒದ್ದೆಬಟ್ಟೆಯಲ್ಲಿ ಒತ್ತಿ ತೂಗಬೇಕು. ಪಕ್ಕ ಮುಚ್ಚದಿದ್ದರೆ ಅಲ್ಲಿಂದ ನೀರು ಆರಿಹೋಗಿ ಲೆಕ್ಕ ಕಡಿಮೆ ಬರುತ್ತದೆ. ಅದೇ 0.2 ಗುಣಾಂಕದ, 10 ಸೆಂಟಿಮೀಟರ್ ಎತ್ತರದ ತುಂಡು ಘನಮೀಟರಿಗೆ 200 ಕಿಲೋ ಹಿಡಿಯುವಂಥದ್ದಾದರೆ ಸುಮಾರು 2 ಗಂಟೆ 47 ನಿಮಿಷಕ್ಕೆ ನೀರು ಮೇಲ್ಮೈ ಮುಟ್ಟುತ್ತದೆ, ಹೀರಿದ ನೀರನ್ನು ಸಮಯದ ವರ್ಗಮೂಲದ ಎದುರು ಗುರುತಿಸಿ ಎಳೆದ ಗೆರೆ ಬಾಗುತ್ತದೆ. ಬಾಗಿದ ಮೇಲಿನ ಬಿಂದುಗಳನ್ನು ಲೆಕ್ಕಕ್ಕೆ ಸೇರಿಸಬಾರದು.

‘ಹೀರುಗುಣಾಂಕ’ ಇರಲಿ.

ಕಲಬುರಗಿಯಿಂದ
ಹೀರು ಕನ್ನಡ, ಗುಣಾಂಕ ಸಂಸ್ಕೃತ. ಅರಿಸಮಾಸ.

ಬಸವಕಲ್ಯಾಣದಿಂದ
ಗೌಂಡಿ ಮರಾಠಿಯಿಂದ ಬಂದ, ಗಚ್ಚು, ಅಂದ್ರ ಸುಣ್ಣದ ಗಾರಿ, ಫಾರ್ಸಿಯಿಂದ ಬಂತು, ಫರಸಿ ಫರ್ಶ್‌ನಿಂದ. ಇವನ್ನು ಹೊರಗ ಹಾಕ್ರಿ, ಮನಿ ಹ್ಯಾಂಗ ಕಟ್ತೀರಿ ನೋಡೂಣು. ಇಲ್ಲಿ ದಖ್ಖನಿ ಆಡೋರು ಪಸಿಗೆ ‘ನಮಿ’ ಅಂತಾರ. ಹಲಗಿಗೆ ಅದನ್ನೂ ಬರೀರಿ. ಅರಿಸಮಾಸ ಅರಿಸಮಾಸ ಅಂತ ಕೂತರ ಗೋಡಿ ಬೀಳ್ತದ.

ಸುರಪುರದಿಂದ
ಇದ್ದ ಪದ ಬಿಟ್ಟು ಸಾಲ ಯಾಕೆ? ಪಸೆ ಇದೆಯಲ್ಲ.

ಬಸವಕಲ್ಯಾಣದಿಂದ
ಸಾಲ ತೀರಿಸಿ ಮುನ್ನೂರು ವರ್ಷ ಆಯ್ತು. ಗೌಂಡಿಗೊಳು ‘ಇಟ್ಟಿಗಿ ನೀರು ಕುಡಿತದ’ ಅಂತಾರ, ನೀವು ಅದನ್ನ ಯಾಕ ತಗೋವಲ್ರಿ? ನೆನೆಸದ ಇಟ್ಟಿಗಿ ಗಚ್ಚಿನ ನೀರೆಲ್ಲ ಕುಡಿದು, ಗಚ್ಚು ಗಟ್ಟಿ ಆಗೂದಿಲ್ಲ, ಪುಡಿ ಉದುರ್ತದ. ಇದು ಎಲ್ಲರಿಗೂ ಗೊತ್ತದ. ದ್ರವಕ್ಕ ‘ಕುಡಿ’, ಆವಿಗೆ ‘ಪಸಿ ಹಿಡಿ’. ಎರಡೂ ಬ್ಯಾರೆ ಬ್ಯಾರೆ ಆದವು.

ಸೇಡಂನಿಂದ
‘ಕುಡಿ’ ಒಪ್ಪಿದೆ, ಹಲಗೆಗೆ ಅದೇ ಸರಿ. ಕೈಪಿಡಿಗೆ ಸಾಲದು, ಕುಡಿದ ಮೇಲಿನ ಕತೆಗೂ ಪದ ಬೇಕು. ಮಳೆ ನಿಂತ ಮೇಲೆ ಹೊಸ ನೀರಿಲ್ಲ. ಸಣ್ಣ ರಂಧ್ರಗಳ ಸೆಳೆತ ಜೋರು, ಅವು ದೊಡ್ಡ ರಂಧ್ರಗಳಲ್ಲಿನ ನೀರನ್ನು ಎಳೆದುಕೊಳ್ಳುತ್ತವೆ. 1 ಮೈಕ್ರೋಮೀಟರ್ ತ್ರಿಜ್ಯದ ರಂಧ್ರದ ಸೆಳೆತ ಸುಮಾರು 15 ಮೀಟರ್ ನೀರಿನ ಕಂಬಕ್ಕೆ ಸಮ. ಆದರೆ ಸಣ್ಣ ರಂಧ್ರದಲ್ಲಿ ತಡೆಯೂ ಹೆಚ್ಚು. ಅದಕ್ಕೇ ಈ ಹಂತದ ನೀರಿನ ಸಾಗಣೆಯ ಗುಣಾಂಕವನ್ನು ಸಾಮಾನ್ಯವಾಗಿ ಕುಡಿಯುವ ಹಂತದ ಹತ್ತರಲ್ಲೊಂದರ ಆಸುಪಾಸಿನಲ್ಲಿ ಇಡುತ್ತಾರೆ. ಎರಡೂ ಜಾಗಕ್ಕೆ ಒಂದೇ ಅಂಕಿ ಹಾಕಿದರೆ ಗೋಡೆ ಗಣಕದಲ್ಲಿ ಬೇಗ ಆರುತ್ತದೆ, ಊರಲ್ಲಿ ಆರುವುದಿಲ್ಲ. ಈ ರೀಡಿಸ್ಟ್ರಿಬ್ಯೂಶನ್‌ಗೆ ‘ಒಳಹಂಚಿಕೆ’ ಅನ್ನೋಣ.

ಕಲಬುರಗಿಯಿಂದ
ಒಳಹಂಚಿಕೆ ಅಂದರೆ ಅಣ್ಣತಮ್ಮಂದಿರ ಆಸ್ತಿ ಪಾಲು. ನನ್ನ ವಿರೋಧ ದಾಖಲಿಸಿ.

ಬೀದರ್‌ನಿಂದ
ದಾಖಲಾಯ್ತು ಸರ್. ಕೈಪಿಡಿಗೆ: ಪಸೆಹಿಡಿಕ, ನೀರಿನ ಸಾಗಣೆ, ಹೀರುಗುಣಾಂಕ, ಒಳಹಂಚಿಕೆ. ಹಲಗೆಗೆ ಹೀಗೆ:

‘ಜಂಬಿಟ್ಟಿಗೆ ನೀರು ಕುಡಿತದ, ಗಾಳಿಯ ಪಸೀನೂ ಹಿಡಿತದ. ಮ್ಯಾಲ ಸಿಮೆಂಟ್ ಗಿಲಾವ್ ಬಡಿಬ್ಯಾಡ್ರಿ. ಆರಿಹೋಗೂ ದಾರಿ ಕಟ್ಟಿದರ ನೀರು ಇನ್ನೂ ಮ್ಯಾಲಕ್ಕ ಏರ್ತದ. ಗಚ್ಚೇ ಹಚ್ಚರಿ.’

ಸುರಪುರದಿಂದ
‘ಪಸೀನೂ’ ಅಲ್ಲ, ‘ಪಸೆಯನ್ನೂ’.

ಬಸವಕಲ್ಯಾಣದಿಂದ
ಓದೋನು ಗೌಂಡಿ. ಬಿಡ್ರಿ.